ವೈಜಯಂತಿ ಆಂಟಿಯ ಗುರುವಾರದ ಪಾಠ

ಅಮೆರಿಕದ ಸೌತ್‌ಫೀಲ್ಡಿನ ನಮ್ಮ ಬೀದಿಯಲ್ಲಿ ಹಿಮ ಬಾಚುವ ಲಾರಿ ಕರಕರ ಸದ್ದು ಮಾಡಿದರೆ ಸಾಕು, ಪಕ್ಕದ ಮನೆಯ ವೈಜಯಂತಿ ಆಂಟಿ ಸ್ವೆಟರ್ ಹಾಕಿಕೊಳ್ಳುತ್ತಾರೆ. ತಮಗೆ ಚಳಿಯೆಂದಲ್ಲ, ನಾನೂರು ಮೈಲಿ ಉತ್ತರದಲ್ಲಿ ತಮ್ಮ ಮಕ್ಕಳು ನಡುಗುತ್ತಿರುತ್ತಾರೆಂದು. ಆ ಮಕ್ಕಳೆಂದರೆ ಕಾಡಿನಂಚಿನ ಒಂದು ಹೈಸ್ಕೂಲಿನವರು, ಹೆಚ್ಚಿನವರು ಈ ನೆಲದ ಮೂಲನಿವಾಸಿಗಳು. ಪ್ರತಿ ಗುರುವಾರ ಆಂಟಿ ಲ್ಯಾಪ್‌ಟಾಪಿನಲ್ಲಿ ಅವರಿಗೆ ಲೆಕ್ಕ ಹೇಳಿಕೊಡುತ್ತಾರೆ. "ಊಟ ಆಯ್ತಾ?" ಎಂದು ಕನ್ನಡದಲ್ಲೇ ಶುರು, ಪರದೆಯ ಮಕ್ಕಳೆಲ್ಲ "ಆಯ್ತು ಆಂಟಿ!" ಎಂದು ಕೂಗುತ್ತಾರೆ. ಲೆಕ್ಕ ತಪ್ಪಾದರೆ "ಅಯ್ಯೋ ರಾಮ", ಸರಿಯಾದರೆ ಪರದೆಗೇ ನೆಟಿಗೆ ಮುರಿದು ದೃಷ್ಟಿ ತೆಗೆಯುತ್ತಾರೆ. ಅಜ್ಜಿಯಿಂದ ತಮ್ಮವರ ಭಾಷೆ ಕಲಿಯುತ್ತಿರುವ ಮಾರ್ಲಾ ಎಂಬ ಹುಡುಗಿಗೆ ಪ್ರತಿ ವಾರವೂ ಬುದ್ಧಿವಾದ: "ಭಾಷೆ ಬಿಡಬೇಡ ಕಣೇ, ಡೋಂಟ್ ಲೀವ್ ಇಟ್!" ಮೊನ್ನೆ ನಾನು ಮೊಸರಿಗೆ ಹೆಪ್ಪು ಕೇಳಲು ಹೋದಾಗಲೂ ಪಾಠ ನಡೆದಿತ್ತು. ತಮ್ಮೂರಿನಲ್ಲಿ ಈಗ ಕೆಲವು ಅಜ್ಜಿಯರಷ್ಟೇ ಆ ಭಾಷೆ ಆಡುತ್ತಾರೆ, ಚಿಕ್ಕಂದಿನಲ್ಲಿ ಶಾಲೆಯಲ್ಲಿ ಅವರಿಗೆ ಹೊಡೆದು ಅದನ್ನು ಬಿಡಿಸಿದ್ದರು ಎಂದು ಮಾರ್ಲಾ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. "ನಿಮ್ಮ ಭಾಷೆ ಎಷ್ಟು ಜನ ಆಡ್ತಾರೆ, ಆಂಟಿ?" ಎಂದು ಕೇಳಿದಳು. "ಕೋಟಿಗಟ್ಟಲೆ!" ಎಂದು ಆಂಟಿ ಬೀಗಿದರು. "ನಿಮ್ಮ ಮನೆಯಲ್ಲಿ?" ಆಂಟಿ ಮಹಡಿಯತ್ತ ನೋಡಿದರು. ಮಗ ಇಂಗ್ಲಿಷಿನಲ್ಲಿ ಹಿಂದೆ ಬಿದ್ದಾನೆಂದು ಹೆದರಿ, ಅವನು ಬಾಲವಾಡಿಗೆ ಸೇರಿದ ದಿನವೇ ಅವನೊಡನೆ ಕನ್ನಡ ನಿಲ್ಲಿಸಿದ್ದರು, ಯಾರೂ ಹೊಡೆದಿರಲಿಲ್ಲ. ಆಗಲೇ ಮಹಡಿಯಿಂದ ಆ ಮಗ ನಿಹಾಲ್, "ಮಾಮ್, ವಾಟ್ಸ್ ಫಾರ್ ಡಿನ್ನರ್?" ಎಂದ. ಆಂಟಿ ಪರದೆಯನ್ನೂ ನನ್ನನ್ನೂ ಮರೆತು, ಎದ್ದು ಮೆಟ್ಟಿಲತ್ತ ನಡೆದರು: "ಪುಟ್ಟಾ, ಇವತ್ತು ಊಟಕ್ಕೆ ನಾನು ಅನ್ನ, ಸಾರು ಮಾಡಿದ್ದೀನಿ ಕಣೋ, ಬಾ."