ಗಿರಣಿಯಲ್ಲಿ ಕತೆ, ಲಗ್ನಪತ್ರಿಕೆಯಲ್ಲಿ ದೊಡ್ಡಪ್ಪ

ನಾನು ಕತೆ ಬರೆಯುತ್ತೇನೆ ಎಂಬುದನ್ನು ಹೊನ್ನಾಳಿಯಲ್ಲಿ ನಾನಾಗಿ ಯಾರಿಗೂ ಹೇಳಿಲ್ಲ. ಹಿಟ್ಟಿನ ಗಿರಣಿಯವಳು ಕತೆ ಬರೀತಾಳಂತೆ ಎಂದು ಗೊತ್ತಾದರೆ ಜನ ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಲು ಶುರುಮಾಡುತ್ತಾರೆ. ಆಮೇಲೆ ಹಿಟ್ಟು ತರಿಯಾದರೆ ತಪ್ಪು ಕಲ್ಲಿನದಲ್ಲ, ಕತೆಯದು.

ಆದರೆ ಬರೆಯಲು ಗಿರಣಿಯಂಥ ಜಾಗ ಇನ್ನೊಂದಿಲ್ಲ. ಆ ಸದ್ದಿನಲ್ಲಿ ಯಾರೂ ಮಾತಾಡಿಸುವುದಿಲ್ಲ. ಕಾಳು ಸುರಿದ ಮೇಲೆ ಹಿಟ್ಟು ಬಿದ್ದು ಮುಗಿಯುವ ತನಕದ ಹೊತ್ತು ನನ್ನದೇ. ಮೂಟೆಗಟ್ಟಲೆ ಜೋಳ ತಂದವರಿದ್ದರೆ ವರ್ಣನೆಗೆ ಕೈಹಾಕಬಹುದು. ಎರಡು ಕೇಜಿ ಕಡಲೆಬೇಳೆಯವರು ಬಂದರೆ ಬರೀ ಸಂಭಾಷಣೆ. ನನ್ನ ಕತೆಗಳಲ್ಲಿ ಜನ ಚುಟುಕಾಗಿ ಮಾತಾಡುತ್ತಾರೆ ಎಂದು ಒಬ್ಬ ಸಂಪಾದಕರು ಮೆಚ್ಚಿ ಬರೆದಿದ್ದರು. ಕಾರಣ ಕಡಲೆಬೇಳೆ ಎಂದು ಅವರಿಗೆ ನಾನು ತಿಳಿಸಲಿಲ್ಲ. ನಮ್ಮ ಶರಣರೂ ನೇಯುತ್ತ, ಬಟ್ಟೆ ಮಡಿ ಮಾಡುತ್ತ, ದೋಣಿ ನಡೆಸುತ್ತಲೇ ವಚನ ಕಟ್ಟಿದವರಲ್ಲವೇ ಎಂದು ಸಮಾಧಾನ ಮಾಡಿಕೊಳ್ಳುವುದುಂಟು. ಆದರೆ ಅವರಲ್ಲಿ ಯಾರಿಗೂ ವಾಟ್ಸಾಪಿನಲ್ಲಿ ಪ್ರೂಫ್ ನೋಡುವ ಕೆಲಸ ಇರಲಿಲ್ಲ.

ನನಗಿತ್ತು. ಮಗಳ ಮದುವೆ ನಿಶ್ಚಯವಾದಾಗ ನಮ್ಮವರು, "ಬರಿಯಾಕಿ ನೀನು, ಲಗ್ನಪತ್ರಿಕೆ ಮ್ಯಾಟರ್ ನೀನೇ ಕಳ್ಸು" ಅಂದುಬಿಟ್ಟರು. ಹೆಮ್ಮೆಯಿಂದಲೇ ಒಪ್ಪಿಕೊಂಡೆ. ಕೂತು ಬರೆಯುವಾಗ ಗೊತ್ತಾಯಿತು, ಕತೆಯಲ್ಲಿ ಪಾತ್ರ ಹೆಚ್ಚಾದರೆ ಒಬ್ಬನನ್ನು ಕೈಬಿಡಬಹುದು, ಲಗ್ನಪತ್ರಿಕೆಯಲ್ಲಿ ಒಬ್ಬನನ್ನು ಬಿಟ್ಟರೆ ಅವನ ಮನೆಮಂದಿಯೆಲ್ಲ ಮಾತು ಬಿಡುತ್ತಾರೆ. ಅದೇ ವಾರ ನನ್ನ ಕೈಯಲ್ಲೊಂದು ಕತೆಯೂ ಇತ್ತು. ಅದರಲ್ಲೊಬ್ಬ ಸಿಡುಕು ಮುದುಕ. ಹೆಸರು ಬೇರೆ ಇಟ್ಟಿದ್ದರೂ ಆಸಾಮಿ ನಮ್ಮ ಸವಳಂಗದ ದೊಡ್ಡಪ್ಪನೇ. ಬೆಳಗ್ಗೆ ಹತ್ತಕ್ಕೆ ಅವನು ಕತೆಯಲ್ಲಿ ತೀರಿಕೊಂಡ. ಹತ್ತೂಕಾಲಿಗೆ ಲಗ್ನಪತ್ರಿಕೆಯ ಹೆಸರುಗಳನ್ನು ಫೋನಿನಲ್ಲಿ ಟೈಪ್ ಮಾಡಿ ಕಳಿಸಿದೆ. ಸಂಜೆ ಪ್ರೆಸ್ಸಿನವನು ಪ್ರೂಫ್ ಹಾಕಿದಾಗ ಎರಡು ಮೂಟೆಗಳ ನಡುವೆ ಕಣ್ಣಾಡಿಸಿ, "ಸರಿ ಐತೆ" ಎಂದು ಉತ್ತರ ಕೊಟ್ಟೆ.

ಪತ್ರಿಕೆಗಳು ಬಂದವು. ಮೊದಲನೆಯದು ಮನೆದೇವರ ಮುಂದೆ, ಎರಡನೆಯದು ಮನೆತನದ ಹಿರಿಯರಿಗೆ. ಹಿರಿಯರೆಂದರೆ ದೊಡ್ಡಪ್ಪ. ಅವರ ಪತ್ರಿಕೆ ಹಿಡಿದು ಮೈದುನ ಬೈಕಿನಲ್ಲಿ ಸವಳಂಗಕ್ಕೆ ಹೊರಟ. ನಾನು ಉಳಿದವಕ್ಕೆ ಮೂಲೆಗಳಲ್ಲಿ ಅರಿಶಿನ ಹಚ್ಚುತ್ತ ಕೂತೆ. ಐದನೆಯದೋ ಆರನೆಯದೋ ಹಚ್ಚುವಾಗ ಕಣ್ಣು ಒಳಗೆ ಬಿತ್ತು. 'ಲಿಂಗೈಕ್ಯ ಹಿರಿಯರ ಕೃಪಾಶೀರ್ವಾದದೊಂದಿಗೆ' ಎಂಬುದರ ಕೆಳಗೆ ನಮ್ಮಪ್ಪನ ಹೆಸರು. ಅದರ ಕೆಳಗೆ ದೊಡ್ಡಪ್ಪನ ಹೆಸರು, ಇನಿಷಿಯಲ್ ಸಮೇತ. ಬದುಕಿರುವ ದೊಡ್ಡಪ್ಪ!

ಅಪ್ಪ ಹೋದಾಗ ನನಗೆ ಆರು ವರ್ಷ. ಸಾಕಿ, ಓದಿಸಿ, ಮದುವೆ ಮಾಡಿಕೊಟ್ಟವರು ದೊಡ್ಡಪ್ಪ. ಊಟಕ್ಕೆ ತಡವಾಗಿ ಎಲೆ ಹಾಕಿದರೆಂದು ಬೀಗರ ಮನೆಯ ಹೊಸ್ತಿಲನ್ನು ಹನ್ನೊಂದು ವರ್ಷ ತುಳಿಯದವರು. ಸತ್ತವರ ಸಾಲಿಗೆ ಸೇರಿಸಿದ ಮೇಲೆ ಮದುವೆಗೆ ಬರುತ್ತಾರೆಯೇ? ಅವರು ಬಾರದಿದ್ದರೆ ತವರಿನಿಂದ ಒಂದು ನರಪಿಳ್ಳೆಯೂ ಬರುವುದಿಲ್ಲ. ಅದಿರಲಿ, ಅವರಿಲ್ಲದ ಮದುವೆ ನನಗೇ ಬೇಡ.

ಮೈದುನ ಫೋನ್ ಎತ್ತಲಿಲ್ಲ, ಬೈಕಿನ ಮೇಲಿದ್ದ. ದೊಡ್ಡಪ್ಪನ ಸೊಸೆಗೆ ಮಾಡಿ ಏನೆಂದು ಹೇಳಲಿ? ಗಿರಣಿ ನಿಲ್ಲಿಸಿ ಬಸ್ಸು ಹತ್ತಿದೆ. ಗಡಿಬಿಡಿಯಲ್ಲಿ ಆಧಾರ್ ಕಾರ್ಡು ಮರೆತು, ಹೆಂಗಸಾಗಿಯೂ ದುಡ್ಡು ಕೊಟ್ಟು ಟಿಕೆಟ್ ತಗೊಂಡೆ. ನ್ಯಾಮತಿಯಲ್ಲಿ ಡ್ರೈವರು ಚಹಾಕ್ಕೆ ಇಳಿದ. ಅವನು ಸಾಸರಿಗೆ ಸುರಿದು ಊದಿ ಊದಿ ಕುಡಿಯುವುದನ್ನು ನೋಡುತ್ತ ಹಲ್ಲು ಕಚ್ಚಿ ಕೂತಿದ್ದೆ. ಹಾಳು ಬುದ್ಧಿ ನೋಡಿ, ಆ ಹೊತ್ತಿನಲ್ಲೂ ಮನಸ್ಸು ಅವನ ಸಾಸರನ್ನು ಮುಂದಿನ ಕತೆಗೆ ಎತ್ತಿಟ್ಟುಕೊಂಡಿತು. ನನ್ನ ಮೇಲೆ ನನಗೇ ಅಸಹ್ಯವಾಯಿತು. ಮದುವೆ ಮುಗಿದ ಮೇಲೆ ಪೆನ್ನು ಮುಟ್ಟಬಾರದು ಎಂದುಕೊಂಡೆ.

ಸವಳಂಗ ತಲುಪುವ ಹೊತ್ತಿಗೆ ಮೈದುನ ಪತ್ರಿಕೆ ಕೊಟ್ಟು, ಚಹಾ ಕುಡಿದು ಹೋಗಿಯೂ ಆಗಿತ್ತು. ದೊಡ್ಡಪ್ಪ ಜಗಲಿಯ ಮೇಲೆ ಕನ್ನಡಕ ಏರಿಸಿಕೊಂಡು ಪತ್ರಿಕೆ ಓದುತ್ತಿದ್ದರು. ಮುಖದಲ್ಲಿ ಏನೂ ಗೊತ್ತಾಗಲಿಲ್ಲ.

"ಬಾ. ನಿಮ್ಮಪ್ಪನ ಕೆಳಗೆ ಹಾಕಿದೀಯಲ್ಲ, ನಾನು ಅವನಿಗಿಂತ ದೊಡ್ಡಾವನು" ಅಂದರು.

ಕಾಲು ಹಿಡಿದುಕೊಂಡು ಅತ್ತುಬಿಟ್ಟೆ. ಇಷ್ಟು ವರ್ಷ ಮುಚ್ಚಿಟ್ಟಿದ್ದನ್ನೆಲ್ಲ ಹೇಳಿದೆ: ಗಿರಣಿಯಲ್ಲಿ ಬರೆಯುವ ಕತೆ, ಕತೆಯೊಳಗಿನ ಮುದುಕ, ಬೆಳಗ್ಗೆ ಹತ್ತಕ್ಕೆ ಅವನು ಸತ್ತಿದ್ದು. "ತಪ್ಪಾಯ್ತು ದೊಡ್ಡಪ್ಪ. ಎಲ್ಲಾ ಸುಟ್ಟು ಬೇರೆ ಅಚ್ಚು ಹಾಕಿಸ್ತೀನಿ. ನೀವು ಮದುವಿಗೆ ಬರಬೇಕು" ಅಂದೆ.

ದೊಡ್ಡಪ್ಪ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಒಳಗಿಂದ ಬಂದ ಸೊಸೆ ಬಾಗಿಲಲ್ಲೇ ನಿಂತಳು.

"ಕತೇಲಿ ನಾನು ಸತ್ತಾಗ ಯಾರ್‍ಯಾರು ಬಂದಿದ್ರು?"

ಸುಳ್ಳು ಹೇಳಬಹುದಿತ್ತು. ಕತೆಗಾರ್ತಿಗೆ ಅದೇನು ಕಷ್ಟ? ಆದರೆ ಆ ಕಣ್ಣಿನ ಮುಂದೆ ಬಾಯಿ ಬರಲಿಲ್ಲ. "ನಾಲ್ಕು ಜನ" ಅಂದೆ.

"ನಾಲ್ಕೇ?" ಪತ್ರಿಕೆ ಕೆಳಗಿಟ್ಟರು. ಅವರಿಗೆ ಆಗ ನೋವಾಗಿದ್ದು ನನಗೆ ಕಂಡಿತು. "ಊರಾಗೆ ಎಲ್ಲರ ಹೆಣಕ್ಕೂ ನಾನು ಹೋಗೀನಿ. ನನಗೆ ನಾಲ್ಕೇ ಜನಾನಾ?"

"ಬರಿಯಾಕೆ ಟೈಮ್ ಇರಲಿಲ್ಲ ದೊಡ್ಡಪ್ಪ. ಜೋಳದೋರು ಬಂದು ನಿಂತಿದ್ರು."

"ನಿಂತ್ಕಂತಿದ್ರು! ಮನುಷ್ಯ ಸಾಯೋವಾಗ ಹಿಂಗೆ ಅವಸರ ಮಾಡ್ತಾರೇನು?" ಎಂದು ಗದರಿದರು. ಸೊಸೆ ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ನಗಲೂ ಆಗದೆ ಅಳಲೂ ಆಗದೆ ತಲೆ ತಗ್ಗಿಸಿದೆ.

ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಆಮೇಲೆ ಸೊಸೆಯ ಕಡೆ ತಿರುಗಿ, "ನನ್ನ ಬಟ್ಟೆ ಎರಡು ಜೊತೆ ಚೀಲಕ್ಕೆ ಹಾಕು" ಅಂದರು.

"ಈಗಲೇ ಎಲ್ಲಿಗೆ ಮಾವಾ? ಮದುವಿ ಇನ್ನೂ ಹದಿನೈದು ದಿನ ಐತೆ."

"ಐತೆ, ಗೊತ್ತು. ಅಲ್ಲೀಗಂಟ ಇವಳ ಗಿರಣಿ ನಾನು ನೋಡ್ಕಂತೀನಿ." ನನ್ನ ಕಡೆ ತಿರುಗಿದರು. "ನೀನು ಕೂತು ನನ್ನನ್ನ ಸರಿಯಾಗಿ ಸಾಯ್ಸು."