ಗಂಜಿ ಉಣ್ಣುವವರ ನೀರಿನ ಲೆಕ್ಕ

ನನ್ನ ಗಂಡನಿಗೆ ದಿನಕ್ಕೆ ಅರ್ಧ ಲೀಟರ್ ನೀರು ಮಾತ್ರ ಎಂದು ಡಾಕ್ಟರು ಹೇಳಿದ ದಿನವೇ ನಮ್ಮ ಮನೆಯಲ್ಲಿ ನೀರಿನ ಜಗಳ ಶುರುವಾಯಿತು. ಅವರ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಕುಡಿದ ನೀರಿಗೆ ಹೊರಗೆ ಹೋಗುವ ದಾರಿ ಇಲ್ಲದ್ದರಿಂದ ಅದು ಕಾಲಿನಲ್ಲಿ, ಮುಖದಲ್ಲಿ, ಕೊನೆಗೆ ಶ್ವಾಸಕೋಶದಲ್ಲಿ ನಿಲ್ಲುತ್ತದೆ, ಆಮೇಲೆ ಉಸಿರು ಕಟ್ಟುತ್ತದೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ಗುಣವಾಗುವ ಮಾತನ್ನು ಅವರೂ ಆಡಲಿಲ್ಲ, ನಾವೂ ಕೇಳಲಿಲ್ಲ.

ಸುರತ್ಕಲ್ಲಿನ ಸೆಕೆ ಗೊತ್ತಿದ್ದವರಿಗೆ ಅರ್ಧ ಲೀಟರ್ ಎಂದರೆ ಎಷ್ಟು ಎಂದು ಬೇರೆ ಹೇಳಬೇಕಾಗಿಲ್ಲ. ಇಲ್ಲಿ ಸ್ನಾನ ಮಾಡಿ ಟವೆಲ್ ಒಣಹಾಕುವಷ್ಟರಲ್ಲಿ ಮತ್ತೆ ಬೆವರು. ಅವರು ಲೋಟ ಹಿಡಿದು ಅಡುಗೆಮನೆ ಬಾಗಿಲಿಗೆ ಬರುತ್ತಿದ್ದರು, ನಾನು ನೀರಿನ ಪಾತ್ರೆಗೆ ಅಡ್ಡ ನಿಲ್ಲುತ್ತಿದ್ದೆ.

"ಒಂದು ಗುಟುಕು ಮಾರಾಯ್ತಿ."

"ಈಗಷ್ಟೇ ಕುಡಿದ್ರಲ್ಲ?"

"ಅದು ಮಾತ್ರೆಗೆ ಕುಡಿದದ್ದು."

"ಮಾತ್ರೆಗೆ ಕುಡಿದದ್ದು ಬೇರೆ ಹೊಟ್ಟೆಗೆ ಹೋಗ್ತದಾ?"

ನಾವು ಮನೆಯಲ್ಲಿ ಆಡುವುದು ತುಳು. ತುಳುವಿನಲ್ಲಿ ಈ ಮಾತು ಇನ್ನೂ ಚುರುಕಾಗಿಯೇ ತಾಗುತ್ತಿತ್ತು. ನನ್ನ ನಾಲಿಗೆ ಮೊದಲಿನಿಂದಲೂ ಸ್ವಲ್ಪ ಉದ್ದ. ಒಂದು ದಿನ ಅವರು ಲೋಟವನ್ನು ಮೆಲ್ಲ ಕೆಳಗಿಟ್ಟು, "ನಿನ್ನ ಹತ್ತಿರ ಬೇಡುವುದಕ್ಕಿಂತ ಒಂದು ಮಿಷನಿನ ಹತ್ತಿರ ಬೇಡುವುದು ಮರ್ಯಾದೆ" ಅಂದರು.

ಗಲ್ಫಿನಲ್ಲಿ ಎಸಿ ರಿಪೇರಿ ಮಾಡಿಕೊಂಡಿದ್ದವರು, ಊರಿಗೆ ಬಂದ ಮೇಲೆ ಬೈಕಂಪಾಡಿಯ ಒಂದು ವರ್ಕ್‌ಶಾಪಿನಲ್ಲಿದ್ದರು. ಹಾಳಾದ ಯಾವುದನ್ನೂ ಮನೆಯಿಂದ ಹೊರಗೆ ಹಾಕಲು ಬಿಡುತ್ತಿರಲಿಲ್ಲ. ನಾನು ಗುಜರಿಗೆ ಹಾಕಬೇಕೆಂದು ಕಟ್ಟಿಟ್ಟ ಗೋಣಿ ಬಿಚ್ಚಿ ಎರಡು ದಿನ ಬಾಲ್ಕನಿಯಲ್ಲಿ ಕೂತರು. ಜ್ಯೂಸಿನ ದೊಡ್ಡ ಬಾಟಲಿಯ ಬುಡ ಕತ್ತರಿಸಿ ತಲೆಕೆಳಗು ಮಾಡಿದರು. ಮುಚ್ಚಳಕ್ಕೆ ತೂತು ಕೊರೆದು, ಮಗಳು ಸಣ್ಣವಳಿದ್ದಾಗ ತಂದ ಮೀನಿನ ತೊಟ್ಟಿಯ ಸಪೂರ ಪೈಪು ಸಿಕ್ಕಿಸಿದರು. ಆ ಪೈಪಿಗೆ ಗಾಳಿ ಹೆಚ್ಚು ಕಡಿಮೆ ಮಾಡುವ ಒಂದು ಪುಟ್ಟ ತಿರುಪು ಇತ್ತು, ಅದೇ ಈಗ ನೀರಿನ ತಿರುಪು. ಕೆಳಗೆ ಐಸ್‌ಕ್ರೀಮಿನ ಡಬ್ಬಿ. ಡಬ್ಬಿಗೆ ಹಳೆ ಫಿಲ್ಟರಿನ ನಳ್ಳಿ. ಇಷ್ಟನ್ನೂ ಮುರಿದ ಸ್ಟ್ಯಾಂಡ್ ಫ್ಯಾನಿನ ಕಂಬಕ್ಕೆ ಬಿಗಿದು ಮಂಚದ ಪಕ್ಕದಲ್ಲಿ ನಿಲ್ಲಿಸಿದರು.

ಬೆಳಿಗ್ಗೆ ಅರ್ಧ ಲೀಟರ್ ಅಳೆದು ಮೇಲಿನ ಬಾಟಲಿಗೆ ಹೊಯ್ಯುವುದು ನನ್ನ ಕೆಲಸ. ಅದು ಹನಿ ಹನಿಯಾಗಿ ರಾತ್ರಿಯವರೆಗೆ ಕೆಳಗಿನ ಡಬ್ಬಿಗೆ ಬೀಳುತ್ತದೆ. ನಳ್ಳಿ ತಿರುಗಿಸಿದರೆ ಅಷ್ಟು ಹೊತ್ತಿಗೆ ಬಿದ್ದಷ್ಟೇ ಸಿಗುತ್ತದೆ. ಬೇಗ ಬೇಗ ಕುಡಿದರೆ ನಾಲಿಗೆ ನೆನೆಯುವಷ್ಟು, ತಡೆದುಕೊಂಡರೆ ಒಂದು ಪುಟ್ಟ ಲೋಟ.

"ಕಡೆಗೂ ನನಗೊಬ್ಬಳು ಸವತಿ ಬಂದಳು" ಎಂದೆ ನಾನು.

"ಇವಳು ಬಾಯಿ ಮಾಡುವುದಿಲ್ಲ" ಅಂದರು.

ಅಂದು ನಾವಿಬ್ಬರೂ ನಕ್ಕೆವು. ಜಗಳವೇನೋ ನಿಂತಿತು. ಅದರ ಬದಲು ಅವರು ಮಂಚದಲ್ಲಿ ಮಗ್ಗುಲಾಗಿ ಮಲಗಿ ಹನಿ ಬೀಳುವುದನ್ನೇ ನೋಡುತ್ತಿರುವುದು ಶುರುವಾಯಿತು. ಟಿವಿ ಹಾಕಿದರೂ ಕಣ್ಣು ಡಬ್ಬಿಯ ಮೇಲೆ. ಗಲ್ಫಿನ ಬಿಸಿಲಿನಲ್ಲಿ ಮಹಡಿ ಮಹಡಿ ಹತ್ತಿ ಮೆಷಿನ್ ಬಿಚ್ಚಿದ ಮನುಷ್ಯ ಒಂದು ಹನಿಗೆ ಕಾಯುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಜಗಳವೇ ವಾಸಿಯಿತ್ತು.

ಮನೆಗೆ ಬಂದವರಿಗೆ ಆಸರಿಗೆ ಎಂದು ಕುಡಿಯಲು ಕೊಡದೆ ಕಳಿಸುವ ಕ್ರಮ ನಮ್ಮಲ್ಲಿಲ್ಲ. ಬೆಲ್ಲವೋ, ಬರೀ ನೀರೋ, ಏನಾದರೂ ಬಾಯಿಗೆ ಬೀಳಲೇಬೇಕು. ಆದರೆ ಇವರ ಎದುರು ಕೊಡುವುದು ಹೇಗೆ? ನೋಡಲು ಬಂದವರನ್ನೆಲ್ಲ ಕಳ್ಳರಂತೆ ಅಡುಗೆಮನೆಗೆ ಕರೆದು ಕುಡಿಸಿ ಕಳಿಸುತ್ತಿದ್ದೆ. ಬಜಪೆಯಿಂದ ಇವರ ಅಕ್ಕ ಬಂದಾಗಂತೂ ಎಳನೀರು ತುಂಬಿದ ಬೊಂಡದ ಗೊನೆಯನ್ನೇ ಹೊತ್ತು ತಂದಿದ್ದರು. ಬೊಂಡ ಈ ಕಾಯಿಲೆಗೆ ವಿಷ ಎಂದರೆ ನಂಬಲಿಲ್ಲ.

"ಬೊಂಡ ತಂಪಲ್ವಾ? ಅದು ವಿಷ ಆಗುವುದು ಎಲ್ಲಿಯಾದರೂ ಉಂಟಾ?" ಎಂದು ಸಿಟ್ಟಿನಲ್ಲಿಯೇ ಹೋದರು.

ಇಷ್ಟೆಲ್ಲ ಕಟ್ಟುನಿಟ್ಟು ಮಾಡಿದರೂ ಡಯಾಲಿಸಿಸ್‌ಗೆ ಮೊದಲು ತೂಕ ನೋಡುವಾಗ ಪ್ರತಿ ಸಲ ಮುಳ್ಳು ಮುಂದೆಯೇ. ಕಾಲು ಊದಿಕೊಂಡೇ ಇರುತ್ತಿತ್ತು. ನರ್ಸು ಇವರನ್ನು ನೋಡಿ, "ಅಂಕಲ್, ಕದ್ದು ಕುಡೀತೀರಿ ಅಲ್ವಾ?" ಎಂದು ಗದರುತ್ತಿದ್ದಳು. ಇವರು ಮನೆಗೆ ಬಂದು ಯಂತ್ರ ಬಿಚ್ಚುತ್ತಿದ್ದರು. ಬಾಟಲಿ ಅಳೆದರು, ಡಬ್ಬಿ ಅಳೆದರು, ತಿರುಪು ಬದಲಾಯಿಸಿದರು. ತಾನು ಮಾಡಿದ ಸಾಮಾನು ತಪ್ಪು ಲೆಕ್ಕ ಕೊಡುತ್ತದೆ ಎಂಬುದು ಅವರಿಗೆ ಕಾಯಿಲೆಗಿಂತ ದೊಡ್ಡ ಅವಮಾನವಾಗಿತ್ತು. ನೀರು ಅರ್ಧ ಲೀಟರೇ. ಕಡಿಮೆಯಿಲ್ಲ, ಹೆಚ್ಚೂ ಇಲ್ಲ.

ಕೊನೆಗೆ ಪಥ್ಯ ಹೇಳುವ ಮೇಡಂ ನನ್ನನ್ನು ಕೂರಿಸಿಕೊಂಡರು. ಘಟ್ಟದ ಮೇಲಿನವರು. "ದಿನಕ್ಕೆ ಏನೇನು ಕುಡೀತಾರೆ, ಹೇಳಿ" ಅಂದರು. ಹಿಂದೆಯೂ ಇದನ್ನೇ ಕೇಳಿದ್ದರು, ನಾನೂ ಅದೇ ಉತ್ತರ ಕೊಟ್ಟೆ: ಯಂತ್ರದ ನೀರು, ಚಾ ಕೂಡ ಅದೇ ನೀರಿನಲ್ಲಿ, ಬೇರೆ ಏನೂ ಇಲ್ಲ.

"ರಾತ್ರಿಗೆ?"

"ರಾತ್ರಿ ಕುಡಿಯುವುದು ಎಂತ ಇಲ್ಲ. ಗಂಜಿ ಊಟ ಮಾಡಿ ಮಲಗುವುದು."

ಅವರು ಪೆನ್ನು ಕೆಳಗಿಟ್ಟರು. "ಗಂಜಿ ಕುಡೀತಾರಾ?"

"ಕುಡಿಯುವುದಲ್ಲ ಮೇಡಂ, ಉಣ್ಣುವುದು."

"ಅದರಲ್ಲಿ ನೀರು ಇರಲ್ವಾ?"

"ತೆಳಿ ಇಲ್ಲದೆ ಎಂತ ಗಂಜಿ?" ಎಂದು ಹೇಳಿ ನಕ್ಕೆ. ನಗು ಅರ್ಧದಲ್ಲೇ ನಿಂತಿತು.

ಘಟ್ಟದ ಮೇಲಿನವರು ಗಂಜಿ ಕುಡಿಯುತ್ತಾರೆ, ನಾವು ಉಣ್ಣುತ್ತೇವೆ. ಕುಚ್ಚಲಕ್ಕಿ ಬೆಂದ ತೆಳಿಯನ್ನು ಬಟ್ಟಲಿನ ತುಂಬ ಹೊಯ್ದುಕೊಂಡು, ಕೊನೆಗೆ ಬಟ್ಟಲೆತ್ತಿ ಬಾಯಿಗೆ ಹಿಡಿದರೂ ಅದು ಊಟವೇ. ಅದನ್ನು ನೀರೆಂದು ನಮ್ಮ ಅಮ್ಮ ತಿಳಿದಿರಲಿಲ್ಲ, ನಾನೂ ತಿಳಿದಿರಲಿಲ್ಲ. ಗದರುತ್ತಿದ್ದ ನರ್ಸು ಇಲ್ಲಿಯದೇ ಹುಡುಗಿ, ಅವಳೂ ಹಣೆಗೆ ಕೈ ಹಚ್ಚಿಕೊಂಡು, "ನಾನೂ ದಿನಾ ಅದನ್ನೇ ಊಟ ಮಾಡುವುದು ಆಂಟಿ, ತಲೆಗೇ ಹೋಗ್ಲಿಲ್ಲ" ಅಂದಳು. ಹಗಲಿಡೀ ಹನಿ ಹನಿ ಲೆಕ್ಕ ಮಾಡಿ, ರಾತ್ರಿ ಬಟ್ಟಲುಗಟ್ಟಲೆ ಹೊಯ್ದಿದ್ದೆವು.

ಗಂಜಿಯೂ ಹೋಯಿತು. ತೆಳಿ ಬಸಿದು ಒಣ ಅನ್ನ ಹಾಕಿದರೆ ಅವರು ಎರಡು ತುತ್ತು ತಿಂದು ಕೈತೊಳೆಯುತ್ತಿದ್ದರು. "ನೀರು ತೆಗೆದದ್ದನ್ನು ಹೇಗೋ ಸಹಿಸಿಕೊಂಡೆ. ಗಂಜಿಯನ್ನಾದರೂ ಬಿಡಬಹುದಿತ್ತು" ಎಂದು ಒಂದೇ ಸಲ ಹೇಳಿದರು, ಮತ್ತೆ ಆ ಮಾತೆತ್ತಲಿಲ್ಲ. ತೂಕ ಇಳಿಯಿತು. ನರ್ಸು ಹೊಗಳಿದಳು. ಆದರೆ ಇಳಿದದ್ದು ನೀರು ಮಾತ್ರ ಅಲ್ಲ, ಮನುಷ್ಯನೇ ಇಳಿದು ಹೋಗುತ್ತಿದ್ದಾರೆ ಎಂದು ಅವರ ಅಂಗಿಯ ಗುಂಡಿ ಹಾಕುವ ನನಗೆ ಗೊತ್ತಾಗುತ್ತಿತ್ತು. ಎಷ್ಟು ಸರಿಯಾಗಿ ಮಾಡಿದರೂ ಸೋಲುವ ಆಟ ಇದು. ಇದನ್ನು ಯಾರ ಹತ್ತಿರ ಹೇಳುವುದು?

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಡಯಾಲಿಸಿಸ್ ಶುರು ಮಾಡಿದ ಕೂಡಲೇ ಬಿಪಿ ಬೀಳತೊಡಗಿತು. ಡಾಕ್ಟರು ನನ್ನನ್ನು ಒಬ್ಬಳನ್ನೇ ಹೊರಗೆ ಕರೆದರು. ಹೃದಯ ಇನ್ನು ತಡೆದುಕೊಳ್ಳುವುದಿಲ್ಲ, ಮನೆಗೆ ಕರೆದುಕೊಂಡು ಹೋಗಿ ಅಂದರು. ಆಮೇಲೆ ಬಹಳ ಮೆಲ್ಲಗೆ, "ಇನ್ನು ನೀರಿನ ಕಟ್ಟು ಬೇಡಮ್ಮ. ಕೇಳಿದಷ್ಟು ಕೊಡಿ" ಅಂದರು. ಆ ಮಾತು ಕೇಳಿಸಿಕೊಳ್ಳಲೆಂದು ನಾನು ಎಷ್ಟು ದೇವರಿಗೆ ಹರಕೆ ಹೊತ್ತಿದ್ದೆನೋ. ಅದು ಹೀಗೆ ಬಂತು.

ಇವರಿಗೆ ಹೇಳುವ ಧೈರ್ಯ ನನಗಾಗಲಿಲ್ಲ. ಮನೆಗೆ ಬಂದವಳೇ ಬಾಟಲಿಯ ತುಂಬ ನೀರು ಹೊಯ್ದೆ. ಕುಚ್ಚಲಕ್ಕಿ ಬೇಯಿಸಿ, ತೆಳಿ ಧಾರಾಳ ಬಿಟ್ಟು ಗಂಜಿ ಬಡಿಸಿಕೊಂಡು ಹೋದೆ. ಅವರು ಬಟ್ಟಲನ್ನು ನೋಡಿದರು, ನನ್ನ ಮುಖ ನೋಡಿದರು.

"ಎಂತ ಇದು?"

"ತೂಕ ಸರಿ ಉಂಟಂತೆ. ಒಂದು ದಿವಸ ಕೊಡಬಹುದಂತೆ."

ಚಮಚದಲ್ಲಿ ಕೊಟ್ಟೆ. ಅಕ್ಕಿಯ ಅಗುಳು ಬೇಡವೆಂದರು, ತೆಳಿಯನ್ನೆಲ್ಲ ಕುಡಿದರು. ನಡುವೆ ಒಮ್ಮೆ ಕಣ್ಣು ಮುಚ್ಚಿದರು, ನಾನು ಚಮಚ ಬಿಟ್ಟು ಅವರ ಮೂಗಿನ ಹತ್ತಿರ ಕೈ ಹಿಡಿದೆ. ಆಮೇಲೆ ಬಾಯಿ ಒರೆಸಿಕೊಂಡು ಯಂತ್ರದ ಕಡೆ ಬೆರಳು ತೋರಿಸಿದರು.

"ಅಷ್ಟು ಎಂತಕ್ಕೆ ತುಂಬಿಸಿದ್ದು? ಈ ತೆಳಿಯನ್ನು ನಾಳೆಯ ನೀರಿನಲ್ಲಿ ಕಳೆಯಬೇಕಲ್ಲ. ಈಗಲೇ ಕಳೆ, ಮರೆತು ಹೋಗ್ತದೆ."

ಇವತ್ತು ಲೆಕ್ಕ ಬೇಡ ಎನ್ನಲು ಬಾಯಿ ತೆರೆದೆ. ಅವರು ನನ್ನನ್ನೇ ನೋಡುತ್ತಿದ್ದರು. ಲೆಕ್ಕ ಬೇಡ ಎಂದರೆ ನಾಳೆ ಇಲ್ಲ ಎಂದು ಅವರಿಗೆ ತಿಳಿಯುತ್ತದೆ. ಆ ಬಟ್ಟಲನ್ನೇ ತೊಳೆದು ತಂದು, ಬಾಟಲಿಯಿಂದ ಅವರ ಕಣ್ಣೆದುರೇ ನೀರು ತೆಗೆದು ಬಕೆಟಿಗೆ ಚೆಲ್ಲಿದೆ. ಇನ್ನೊಂದು ಬಟ್ಟಲು ಎಂದರು. ಅದನ್ನೂ ಚೆಲ್ಲಿದೆ.

"ಈಗ ಸರಿ ಉಂಟು" ಅಂದರು, ಒಣಗಿದ ತುಟಿಯನ್ನು ನೆಕ್ಕಿಕೊಂಡು.