ಗಿರಣಿಯ ಹಿತ್ತಿಲಿನ ಎರೆಹುಳುಗಳು

ಗಿರಣಿ ಮಾಮನ ಕಿವಿ ಹೋಗಿ ಬಹಳ ಕಾಲವಾಗಿತ್ತು. ಹಗಲಿಡೀ ಹಿಟ್ಟಿನ ಗಿರಣಿಯ ಗದ್ದಲದಲ್ಲಿ ನಿಲ್ಲುವವನ ಕಿವಿ ಎಷ್ಟು ದಿನ ತಾನೇ ಉಳಿದೀತು? ಗಿರಾಕಿಗಳು "ಸಣ್ಣಗೆ ಬೀಸಿ" ಎಂದರೆ ಅವರ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದ. ಬೆನ್ನ ಹಿಂದೆ ನಿಂತು ಬೈದವರು ಬಚಾವಾಗುತ್ತಿದ್ದರು. ಆದರೆ ಯಂತ್ರದ ವಿಷಯದಲ್ಲಿ ಅವನ ಕಣ್ಣಿಗೆ ಮಣ್ಣೆರಚಲು ಯಾರಿಂದಲೂ ಆಗುತ್ತಿರಲಿಲ್ಲ. ಬರಿಗಾಲಲ್ಲಿ ಗಿರಣಿಯ ನೆಲದ ಮೇಲೆ ನಿಂತರೆ ಸಾಕು, ಬೆಲ್ಟು ಸಡಿಲವಾಯಿತೋ ಕಲ್ಲು ಬಿಗಿಯಾಯಿತೋ ಎಂದು ನೆಲದ ಅದುರುವಿಕೆಯಿಂದಲೇ ಅಂಗಾಲಿಗೆ ತಿಳಿಯುತ್ತಿತ್ತು. "ಕಿವಿ ಹೋದ್ರೆ ಹೋಗ್ಲಿ, ಕಾಲಿದೆಯಲ್ಲ!" ಎನ್ನುವುದು ಅವನ ದಿನನಿತ್ಯದ ಜಂಬ. ಕಾಲೂ ಕೈಕೊಟ್ಟರೆ ಗಿರಣಿಗೆ ಬೀಗ ಎಂಬುದನ್ನು ಮಾತ್ರ ಅವನು ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಈಚೆಗೆ ಅವನು ಕೂತಲ್ಲಿ ಕೂರುತ್ತಿರಲಿಲ್ಲ, ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಕಾರಣವಿತ್ತು. ಒಂದು ಮಧ್ಯಾಹ್ನ ಊಟಕ್ಕೆಂದು ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದಿದ್ದ. ಇನ್ನೊಂದು ದಾರಿಯಲ್ಲಿ ಕಳಚಿ ಬಿದ್ದದ್ದು ಅವನಿಗೆ ಗೊತ್ತೇ ಆಗಿರಲಿಲ್ಲ. "ಇನ್ನೇನು, ನಾಳೆ ಪಂಚೆ ಎಲ್ಲಿ ಬಿಟ್ಟು ಬರ್ತೀರೋ!" ಎಂದು ಹೆಂಡತಿ ನಕ್ಕಿದ್ದಳು. ಅವನೂ ನಕ್ಕಿದ್ದ. ಆದರೆ ತನ್ನಂಥ ಸಕ್ಕರೆ ಕಾಯಿಲೆಯವರಿಗೆ ಪಾದ ಜೋಮು ಹಿಡಿಯುತ್ತದೆಂದು ಡಾಕ್ಟರು ಎಂದೋ ಹೇಳಿದ್ದ ಮಾತು ಅಂದಿನಿಂದ ಅವನನ್ನು ಕೊರೆಯತೊಡಗಿತು.

ಅದೇ ಹೊತ್ತಿಗೆ ಎರೆಹುಳುಗಳ ರಗಳೆ ಶುರುವಾಯಿತು. ಗಿರಣಿಯ ಹಿಂಗೋಡೆಗೆ ತಾಗಿ ಹೆಂಡತಿಯ ಸೊಪ್ಪಿನ ಮಡಿಗಳಿದ್ದವು. ಅಲ್ಲಿನ ಎರೆಹುಳುಗಳ ದಿನಚರಿ ಅವಳಿಗೆ ಬಾಯಿಪಾಠ. ಒಣಗಿದೆಲೆಯನ್ನು ಚೂಪು ತುದಿ ಹಿಡಿದು ಬಿಲದೊಳಗೆ ಎಳೆದುಕೊಳ್ಳುವುದು, ಬೆಳಗಾಗುವುದರೊಳಗೆ ಹಿಕ್ಕೆಯ ಪುಟ್ಟ ಗುಡ್ಡೆ ಮಾಡಿಡುವುದು, ಬಿಸಿಲು ಕಂಡರೆ ಮುಖ ಮರೆಸಿಕೊಳ್ಳುವುದು. ಮಳೆ ಬಂದರೆ ಮೇಲೆ ಬರುತ್ತಿದ್ದವು, ಅದು ಸರಿ. ಆದರೆ ಈಗ ಒಣಬಿಸಿಲಲ್ಲೇ ಹಿಂಡುಹಿಂಡಾಗಿ ಹೊರಬಿದ್ದು, ಒದ್ದಾಡಿಕೊಂಡು ಕಲ್ಲುಹಾಸಿನತ್ತ ಹೊರಟಿದ್ದವು. ಕಾಗೆಗಳಿಗೆ ಸುಗ್ಗಿಯೋ ಸುಗ್ಗಿ.

"ರೀ, ನೀವು ಗಿರಣಿ ಶುರು ಮಾಡಿದ ಕೂಡ್ಲೇ ಮೇಲೆ ಬರ್ತವೆ. ನಿಲ್ಲಿಸಿದ್ರೆ ಸುಮ್ನಾಗ್ತವೆ," ಎಂದಳು ಅವನ ಮುಖದೆದುರು ನಿಂತು.

"ನೀರು ಜಾಸ್ತಿ ಹಾಕಿದೀಯ."

ಅವಳು ನೀರು ಕಡಿಮೆ ಮಾಡಿದಳು. ಹುಳುಗಳು ಬಂದವು. ಬೂದಿ ಹಾಕಿದ್ದು ತಪ್ಪು ಎಂದ. ಬೂದಿ ಹಾಕುವುದೂ ನಿಂತಿತು. ಹುಳುಗಳು ಬಂದವು. ಅವನು ಹಿತ್ತಿಲಿಗೂ ಗಿರಣಿಗೂ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡಿದ. ಮೂರನೆಯ ದೂರು ಬಂದಾಗ ರೇಗಿಯೇಬಿಟ್ಟ: "ಇಷ್ಟು ವರ್ಷದಿಂದ ಇದೇ ಗಿರಣಿ, ಇದೇ ಹುಳ! ಗಿರಣಿ ಮೇಲ್ಯಾಕೆ ಹಾಕ್ತೀಯ?"

"ನಾನೂ ಅದನ್ನೇ ಕೇಳ್ತಿರೋದು. ಇಷ್ಟು ವರ್ಷ ಇಲ್ಲದ್ದು ಈಗ್ಯಾಕೆ? ನಿಮ್ಮ ಮಿಷನ್ನಿಗೇ ಏನೋ ಆಗಿದೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಅವನು ಗಿರಣಿಗೆ ನುಗ್ಗಿದ. ಯಂತ್ರ ಓಡುತ್ತಿತ್ತು. ಚಪ್ಪಲಿ ಕಳಚಿ ನಿಂತ. ಎಲ್ಲ ನುಣ್ಣಗಿತ್ತು. ವಾರಗಳಿಂದ ಹೀಗೇ ನುಣ್ಣಗಿತ್ತು, ಅದನ್ನೇ ಅವನು ಯಂತ್ರ ಚೆನ್ನಾಗಿದೆ ಎಂದುಕೊಂಡಿದ್ದ. ಈಗ ಅನುಮಾನ ಬಂತು. ಮಂಡಿಯೂರಿ ಅಂಗೈಯನ್ನು ನೆಲಕ್ಕೆ ಒತ್ತಿದ.

ನಡುಕ ಮೊಣಕೈವರೆಗೆ ಹತ್ತಿತು. ಕಲ್ಲಿನ ಪೀಠವೇ ಬುಡಸಮೇತ ಕುಣಿಯುತ್ತಿತ್ತು. ಕೆಳಗಿನ ನಟ್ಟುಗಳು ಬೆರಳಲ್ಲಿ ತಿರುಗುವಷ್ಟು ಸಡಿಲವಾಗಿದ್ದವು. ಒಂದು ಮಾರು ದೂರದಲ್ಲಿ ಒಬ್ಬ ಹೆಂಗಸು ಕಂಕುಳಲ್ಲಿ ಮಗು ಎತ್ತಿಕೊಂಡು, ಹಿಟ್ಟು ಬೀಳುವುದನ್ನು ತೋರಿಸಿ ನಗಿಸುತ್ತಿದ್ದಳು. ಅವನು ಎದ್ದುಬಿದ್ದು ಹೋಗಿ ಸ್ವಿಚ್ಚು ಆರಿಸಿದ. ಕಲ್ಲು ಎಗರಿದ್ದರೆ! ಮಣ್ಣೊಳಗಿನ ಹುಳಕ್ಕೆ ಗೊತ್ತಾದದ್ದು ತನಗೆ ಗೊತ್ತಾಗಲಿಲ್ಲವಲ್ಲ ಎಂದು ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು.

"ಇವತ್ತಿಗೆ ಸಾಕು, ಎಲ್ಲಾ ಹೋಗಿ," ಎಂದು ಗಿರಾಕಿಗಳನ್ನು ಕಳಿಸಿದ. ಗಿರಣಿ ಹೊತ್ತಿಗೆ ಮುಂಚೆ ನಿಂತಿತೆಂದು ಹೆಂಡತಿ ಓಡಿಬಂದಳು. ಗಂಡ ಹಿಟ್ಟಿನ ಡಬ್ಬದ ಮೇಲೆ ಕೂತಿದ್ದ.

"ನನ್ನ ಕಾಲಿಗೆ ಏನೂ ಗೊತ್ತಾಗ್ತಿಲ್ಲ ಕಣೇ."

ಅವಳು ಬೈಯಲಿಲ್ಲ. ಎದುರಿಗೆ ನೆಲದ ಮೇಲೆ ಕೂತು ಅವನ ಬಲಗಾಲನ್ನು ಮಡಿಲಿಗೆ ಎಳೆದುಕೊಂಡಳು. ಹೆಬ್ಬೆರಳು ಒತ್ತಿ ತಲೆಯೆತ್ತಿದಳು, "ಇಲ್ಲಿ?"

ಅವನು ತಲೆಯಾಡಿಸಿದ, ಇಲ್ಲ.

"ಇಲ್ಲಿ?"

ಇಲ್ಲ.

"ಹಿಮ್ಮಡಿ?"

ಹೌದು ಎನ್ನೋಣ ಎನಿಸಿತು. ಅವಳ ಕಣ್ಣು ನೋಡಿದರೆ ಸುಳ್ಳು ಬಾಯಿಗೆ ಬರಲಿಲ್ಲ. "ಇಲ್ಲ," ಎಂದ.

ಬಾಗಿಲಲ್ಲಿ ಯಾರೋ ಗೋಧಿಯ ಚೀಲ ಹಿಡಿದು ನಿಂತು, ನಾಳೆ ಗಿರಣಿ ಇರುತ್ತಾ ಎಂದು ಕೇಳಿದರು. ಅವನು ತುಟಿ ಓದಿ ಹೆಂಡತಿಯ ಮುಖ ನೋಡಿದ. ಹೆಂಡತಿ ಅವರತ್ತ ತಿರುಗಿ ಏನೋ ಹೇಳಿದಳು, ಚೀಲ ಹೊರಟುಹೋಯಿತು. ಇನ್ನು ಕೂತಿರಲಾರೆ ಎನಿಸಿ, ಸ್ಪ್ಯಾನರು ತರಲೆಂದು ಅವನು ಏಳಹೊರಟ. ಏಳಲಾಗಲಿಲ್ಲ. ಬಗ್ಗಿ ನೋಡಿದ ಮೇಲೆಯೇ ತಿಳಿದದ್ದು, ಅವಳು ಅವನ ಪಾದವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದೇ ಇದ್ದಳು.